ಕೀಮೋ ನಡೆಯುತ್ತಿರುವ ಮನೆಗೆ ಫ್ಲೂ ಬಾರದಂತೆ ಕಾಯುವುದು ಹೇಗೆ

ನನ್ನ ಪತಿಗೆ ಲಿಂಫೋಮಾ ಎಂಬ ಬಗೆಯ ಕ್ಯಾನ್ಸರ್ ಎಂದು ತಿಳಿದಾಗ ಮನೆಯಲ್ಲಿ ನಾವು ನಾಲ್ಕು ಜನ: ಅವರು, ನಾನು, ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದ ಮಗಳು, 71 ವರ್ಷದ ಅತ್ತೆ. 21 ದಿನಕ್ಕೆ ಒಂದರಂತೆ ಆರು ಸುತ್ತು ಕೀಮೋ ಎಂದು ವೈದ್ಯರು ನಿಗದಿ ಮಾಡಿದರು. ಮೊದಲ ಎರಡು ಸುತ್ತು ಅಡ್ಡಿಯಿಲ್ಲದೆ ಕಳೆದವು. ಮೂರನೆಯ ಸುತ್ತಿನ ಹನ್ನೊಂದನೆಯ ದಿನ ಅವರಿಗೆ ಫ್ಲೂ ಬಂತು. ಆರು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು, ನಾಲ್ಕನೆಯ ಸುತ್ತು ಹತ್ತು ದಿನ ಮುಂದಕ್ಕೆ ಹೋಯಿತು. ಆ ಇಡೀ ತಿಂಗಳು ಅವರು ಆಸ್ಪತ್ರೆಯೊಂದನ್ನು ಬಿಟ್ಟರೆ ಬೇರೆಲ್ಲಿಗೂ ಹೋಗಿರಲಿಲ್ಲ. ವೈರಸ್ ನಮ್ಮ ಮೂಲಕವೇ ಮನೆಯೊಳಗೆ ಬಂದಿತ್ತು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ವೈದ್ಯಳಲ್ಲ. ಆದರೆ ಉಳಿದ ಮೂರು ಸುತ್ತುಗಳನ್ನು ಒಂದು ನೆಗಡಿಯೂ ಸುಳಿಯದಂತೆ ದಾಟಿಸಿದೆವು. ಮೊದಲೇ ತಿಳಿದಿದ್ದರೆ ಎಂದು ನಾನು ಇಂದಿಗೂ ಕೊರಗುವ ಸಂಗತಿಗಳನ್ನು, ಈಗ ಅದೇ ದಾರಿಯಲ್ಲಿ ನಡೆಯುತ್ತಿರುವ ಮನೆಗಳಿಗಾಗಿ ಬರೆಯುತ್ತಿದ್ದೇನೆ. ಕಾಯಿಲೆಯವರಿಗೆ ‘ನೀವು ಜೋಪಾನವಾಗಿರಿ’ ಎಂದು ಹೇಳಿ ನಾವು ಎಂದಿನಂತೆ ಓಡಾಡಿಕೊಂಡಿದ್ದರೆ ಏನೂ ಸಾಗುವುದಿಲ್ಲ. ಅವರ ದೇಹ ಮಾಡಲಾರದ ಕಾವಲನ್ನು ಸುತ್ತಲಿರುವ ನಾವು ಮಾಡಬೇಕು. ಕೆಳಗಿರುವುದೆಲ್ಲ ಆ ಕಾವಲಿನ ವಿವರ.

ಕೌಂಟ್ ಇಳಿಯುವ ದಿನಗಳು

ಕೀಮೋ ಔಷಧ ವೇಗವಾಗಿ ವಿಭಜನೆಯಾಗುವ ಜೀವಕೋಶಗಳ ಮೇಲೆ ಎರಗುತ್ತದೆ. ಕ್ಯಾನ್ಸರ್ ಕೋಶಗಳ ಜೊತೆಗೆ ಅಸ್ಥಿಮಜ್ಜೆಯೂ ಪೆಟ್ಟು ತಿನ್ನುತ್ತದೆ. ಬಿಳಿ ರಕ್ತಕಣಗಳು ಹುಟ್ಟುವುದು ಅಲ್ಲಿಯೇ. ಅವುಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಗೆಯದು ಸೋಂಕಿನ ಎದುರು ಮೊದಲು ನುಗ್ಗುವ ಪಡೆ. ರಕ್ತದಲ್ಲಿ ಅದರ ಆಯಸ್ಸು ಹೆಚ್ಚೆಂದರೆ ಒಂದು ದಿನದ ಆಸುಪಾಸು. ಹೊಸದು ಹುಟ್ಟುವುದು ನಿಂತರೆ ಹಳೆಯದರ ದಾಸ್ತಾನು ಬೇಗ ಬರಿದಾಗುತ್ತದೆ. ಪ್ರತಿ ಮೈಕ್ರೋಲೀಟರ್ ರಕ್ತದಲ್ಲಿ ನ್ಯೂಟ್ರೊಫಿಲ್‌ಗಳ ಎಣಿಕೆ 1500ಕ್ಕಿಂತ ಕಡಿಮೆಯಾದರೆ ಕೌಂಟ್ ಇಳಿದಿದೆ ಎನ್ನುತ್ತಾರೆ. 500ಕ್ಕಿಂತ ಕೆಳಗೆ ಹೋದರೆ ತೀವ್ರ ಅಪಾಯ. ಬಹಳಷ್ಟು ಕೀಮೋಗಳಲ್ಲಿ ಔಷಧ ಕೊಟ್ಟ 7ರಿಂದ 14ನೇ ದಿನದ ನಡುವೆ ಈ ಇಳಿತ ತಳ ಮುಟ್ಟುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ. ಔಷಧದಿಂದ ಔಷಧಕ್ಕೆ ಈ ದಿನಗಳು ಬದಲಾಗುವುದರಿಂದ ‘ಇವರಿಗೆ ಕೌಂಟ್ ತೀರಾ ಕಡಿಮೆಯಾಗುವುದು ಎಷ್ಟನೆಯ ದಿನ’ ಎಂದು ನಿಮ್ಮ ವೈದ್ಯರನ್ನೇ ಕೇಳಿ. ನಾನು ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲ್‌ನಿಂದ ತುಂಬಿದೆ. ಮಗಳು ಅವುಗಳಿಗೆ ‘ಅಪ್ಪನ ಕೆಂಪು ದಿನಗಳು’ ಎಂದು ಹೆಸರಿಟ್ಟಳು. ಮನೆಯವರೆಲ್ಲರಿಗೂ ಒಂದೇ ನೋಟಕ್ಕೆ ಅರ್ಥವಾಗುವ ಗುರುತು ಬೇಕು; ಬಾಯಿಮಾತಿನ ಎಚ್ಚರಿಕೆಯನ್ನು ಮೂರು ದಿನಕ್ಕೆ ಎಲ್ಲರೂ ಮರೆಯುತ್ತಾರೆ.

ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನು ಕೆಡಿಸುತ್ತದೆ. ಕೆಟ್ಟ ಪದರದ ಮೇಲೆ ಬ್ಯಾಕ್ಟೀರಿಯಾಗಳು ಸುಲಭವಾಗಿ ನೆಲೆಯೂರುತ್ತವೆ. ಗಟ್ಟಿಮುಟ್ಟಾದವರಲ್ಲಿ ನ್ಯೂಟ್ರೊಫಿಲ್‌ಗಳು ಅವನ್ನು ಅಲ್ಲಿಯೇ ತಡೆಯುತ್ತವೆ. ಕೌಂಟ್ ಇಳಿದವರಲ್ಲಿ ತಡೆಯುವವರಿಲ್ಲದೆ ಅದು ನ್ಯುಮೋನಿಯಾ ಆಗಬಹುದು. ನಮಗೆ ಒಂದು ವಾರದ ಮೈಕೈ ನೋವಾಗಿ ಕಳೆದುಹೋಗುವ ಕಾಯಿಲೆ ಅವರ ಪ್ರಾಣಕ್ಕೆ ಎರವಾಗುವುದು ಹೀಗೆ.

ಕೌಂಟ್ ಏರಿಸುವ ಇಂಜೆಕ್ಷನ್ ಕೊಡುತ್ತಿದ್ದಾರೆ, ಇನ್ನು ಭಯವಿಲ್ಲ ಎಂದು ನಮ್ಮ ಅತ್ತೆ ನಂಬಿದ್ದರು. ಆ ಇಂಜೆಕ್ಷನ್ ನ್ಯೂಟ್ರೊಫಿಲ್ ಬೇಗ ಹುಟ್ಟಲು ನೆರವಾಗುತ್ತದೆ, ಅದು ನಿಜ. ಆದರೆ ವೈರಸ್‌ಗಳೊಂದಿಗೆ ಮುಖ್ಯವಾಗಿ ಹೋರಾಡುವುದು ಲಿಂಫೋಸೈಟ್ ಎಂಬ ಬೇರೆ ಬಗೆಯ ಕಣ. ಅದರ ಕೊರತೆಯನ್ನು ಆ ಇಂಜೆಕ್ಷನ್ ತುಂಬುವುದಿಲ್ಲ.

ನಾನು ಮುಂದೂಡಿದ ಲಸಿಕೆ

ಮೊದಲ ಭೇಟಿಯಲ್ಲಿಯೇ ವೈದ್ಯರು ಹೇಳಿದ್ದರು: ‘ಮನೆಯಲ್ಲಿರುವ ಎಲ್ಲರೂ ಫ್ಲೂ ಲಸಿಕೆ ಹಾಕಿಸಿಕೊಳ್ಳಿ.’ ಸ್ಕ್ಯಾನ್, ಬಯಾಪ್ಸಿ, ವಿಮೆಯ ಕಾಗದಗಳು, ಶಾಲೆಯ ರಜೆ ಅರ್ಜಿ, ಇವುಗಳ ನಡುವೆ ಅದು ನನ್ನ ಪಟ್ಟಿಯ ತಳಕ್ಕೆ ಜಾರಿತು. ‘ಈ ಸುತ್ತು ಮುಗಿಯಲಿ, ಮುಂದಿನ ವಾರ ನೋಡೋಣ’ ಎಂದುಕೊಂಡೆ. ಹೀಗೆಯೇ ಎಂಟು ವಾರ ಕಳೆದವು. ಆ ಎಂಟು ವಾರಗಳಲ್ಲಿ ಒಂದು ಅರ್ಧ ಗಂಟೆ ನನಗೆ ಸಿಗಲಿಲ್ಲ ಎಂದರೆ ಈಗ ನನಗೇ ನಂಬಲು ಕಷ್ಟ. ದಯವಿಟ್ಟು ಇದನ್ನು ಮುಂದೂಡಬೇಡಿ. ಇಷ್ಟು ಉದ್ದದ ಬರಹದಿಂದ ನೀವು ಒಂದನ್ನೇ ಎತ್ತಿಕೊಳ್ಳುವುದಾದರೆ ಇದನ್ನು ಎತ್ತಿಕೊಳ್ಳಿ.

ಲಸಿಕೆ ಹಾಕಿದ ಮೇಲೆ ದೇಹ ಪ್ರತಿಕಾಯಗಳನ್ನು ತಯಾರಿಸಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಸಾಧ್ಯವಾದರೆ ಕೀಮೋ ಶುರುವಾಗುವುದಕ್ಕೆ ಎರಡು ವಾರ ಮೊದಲೇ ಕಾಯಿಲೆಯವರಿಗೆ ಲಸಿಕೆ ಆಗಿರುವುದು ಒಳ್ಳೆಯದು. ಅಷ್ಟು ಸಮಯ ಇಲ್ಲದಿದ್ದರೆ ಎರಡು ಸುತ್ತುಗಳ ನಡುವೆ ಯಾವ ದಿನ ಕೊಡಬೇಕೆಂದು ವೈದ್ಯರು ಕೌಂಟ್ ನೋಡಿ ನಿರ್ಧರಿಸುತ್ತಾರೆ. ಕೀಮೋ ನಡೆಯುವಾಗ ಲಸಿಕೆಯ ಫಲ ಗಟ್ಟಿಮುಟ್ಟಾದವರಲ್ಲಿ ಸಿಗುವಷ್ಟು ಇರುವುದಿಲ್ಲ. ಆದರೂ ಸ್ವಲ್ಪ ರಕ್ಷಣೆ ಏನೂ ಇಲ್ಲದ್ದಕ್ಕಿಂತ ಮೇಲು ಎಂಬ ಕಾರಣಕ್ಕೆ ಹೆಚ್ಚಿನವರಿಗೆ ಅದನ್ನು ಸೂಚಿಸುತ್ತಾರೆ. ನನ್ನ ಪತಿಯ ವಿಷಯ ಬೇರೆಯಾಗಿತ್ತು. ಅವರಿಗೆ ಕೊಡುತ್ತಿದ್ದ ಔಷಧಗಳಲ್ಲಿ ರಿಟುಕ್ಸಿಮ್ಯಾಬ್ ಒಂದು. ಅದು ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನೇ ಅಳಿಸಿಹಾಕುತ್ತದೆ. ಆ ಔಷಧ ನಡೆಯುವಾಗಲೂ ಅದು ನಿಂತ ಮೇಲೆ ಕನಿಷ್ಠ ಆರು ತಿಂಗಳೂ ಲಸಿಕೆಗೆ ದೇಹ ಹೆಚ್ಚೇನೂ ಸ್ಪಂದಿಸುವುದಿಲ್ಲ. ಹಾಗಾಗಿ ಅವರ ಪಾಲಿಗೆ ನಮ್ಮ ತೋಳಿಗೆ ಬೀಳುವ ಸೂಜಿಯೇ ಅವರ ಲಸಿಕೆಯಾಗಿತ್ತು. ಅದನ್ನು ತಿಳಿದೂ ತಡ ಮಾಡಿದೆ.

ಲಸಿಕೆಯ ವಿಷಯದಲ್ಲಿ ನೆನಪಿಡಬೇಕಾದವು ಇನ್ನೂ ಕೆಲವಿವೆ. ಫ್ಲೂ ಲಸಿಕೆ ಎರಡು ಬಗೆಯಲ್ಲಿ ಬರುತ್ತದೆ: ತೋಳಿಗೆ ಚುಚ್ಚುವುದು, ಮೂಗಿಗೆ ಸಿಂಪಡಿಸುವುದು. ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಸ್ವಲ್ಪ ಬೆಚ್ಚಗಾಗಬಹುದು. ಮೂಗಿನದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಕೀಮೋ ಪಡೆಯುತ್ತಿರುವವರಿಗೆ ಅದು ಸಲ್ಲದು. ಮನೆಯ ಮಕ್ಕಳಿಗೂ ಚುಚ್ಚುವ ಲಸಿಕೆಯನ್ನೇ ಕೇಳಿ ಹಾಕಿಸಿ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಹಾಕಿಸುತ್ತಿದ್ದರೆ ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಇನ್ನೊಂದು ಬದಿಯ ತೋಳಿಗೆ ಹಾಕಲು ಹೇಳಿ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಚುಚ್ಚುವ ಮೊದಲೇ ತಿಳಿಸಿ, ಸೂಜಿ ತೆಗೆದ ಮೇಲೆ ಆ ಜಾಗವನ್ನು ಉಜ್ಜದೆ ಎರಡು ನಿಮಿಷ ಒತ್ತಿ ಹಿಡಿಯಬೇಕು. ಲಸಿಕೆಯಿಂದ ಕಂಕುಳಿನ ಗ್ರಂಥಿ ತಾತ್ಕಾಲಿಕವಾಗಿ ಊದಿಕೊಂಡು ಸ್ಕ್ಯಾನಿನಲ್ಲಿ ಕಾಣಿಸಿಕೊಳ್ಳುವುದುಂಟು. ಸ್ಕ್ಯಾನ್ ಹತ್ತಿರದಲ್ಲಿದ್ದರೆ ಲಸಿಕೆ ಹಾಕಿಸಿಕೊಂಡ ದಿನಾಂಕವನ್ನೂ ಯಾವ ತೋಳು ಎಂಬುದನ್ನೂ ಅಲ್ಲಿಯವರಿಗೆ ಹೇಳಿ. ಇದನ್ನು ಹೇಳದೆ ಹೋದರೆ ಆ ಊತವನ್ನು ಕಂಡು ಅನಗತ್ಯವಾದ ಗಾಬರಿ ಹುಟ್ಟುತ್ತದೆ.

ಹೋದ ವರ್ಷ ಹಾಕಿಸಿದ್ದೇವೆ ಎಂದು ಸುಮ್ಮನಿರಬೇಡಿ. ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಉತ್ತರ ಗೋಳಾರ್ಧಕ್ಕೆ ಫೆಬ್ರುವರಿಯಲ್ಲಿ, ದಕ್ಷಿಣ ಗೋಳಾರ್ಧಕ್ಕೆ ಸೆಪ್ಟೆಂಬರಿನಲ್ಲಿ, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಶಿಫಾರಸು ಮಾಡುತ್ತದೆ. ಪ್ರತಿ ವರ್ಷವೂ ಹೊಸದಾಗಿ ಹಾಕಿಸಿಕೊಳ್ಳಬೇಕು. ಫ್ಲೂ ಜೊತೆಗೆ, ನ್ಯುಮೋನಿಯಾ ತರುವ ನ್ಯುಮೋಕೋಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆಯ ಬಗ್ಗೆಯೂ ಅದೇ ಭೇಟಿಯಲ್ಲಿ ಕೇಳಿಬಿಡಿ.

ಹೊರಗಿನಿಂದ ಒಳಗೆ ಬರುವ ದಾರಿ

ನನ್ನ ತರಗತಿಯಲ್ಲಿ 34 ಮಕ್ಕಳು. ದಿನವೂ ಯಾರಾದರೊಬ್ಬರು ಮೂಗೊರೆಸಿಕೊಂಡ ಕೈಯಲ್ಲೇ ಪುಸ್ತಕ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಮನೆಯಲ್ಲಿ ಕಾಯಿಲೆಯವರಿಗೆ ತೀರಾ ಅಪಾಯಕಾರಿಯಾದವಳು ನಾನೇ ಎಂಬ ಅರಿವು ಬಂದದ್ದು ಆಸ್ಪತ್ರೆಯ ಆ ಆರು ದಿನಗಳಲ್ಲಿ. ಆಮೇಲೆ ಶಾಲೆಯಲ್ಲಿ ಪಾಠ ಮಾಡುವಾಗಲೂ ಮಾಸ್ಕ್ ತೆಗೆಯಲಿಲ್ಲ. ಮುಖ್ಯ ಶಿಕ್ಷಕರಿಗೆ ಪರಿಸ್ಥಿತಿ ವಿವರಿಸಿದೆ. ತರಗತಿಯ ಕಿಟಕಿಗಳೆಲ್ಲ ತೆರೆದಿರುವಂತೆ ನೋಡಿಕೊಂಡರು. ಜ್ವರ ಬಂದ ಮಗುವನ್ನು ಮನೆಯಲ್ಲೇ ಇರಿಸಿಕೊಳ್ಳಿ ಎಂದು ಪೋಷಕರಿಗೆ ಪತ್ರ ಬರೆದೆ. ಬರೆಯಲು ಮುಜುಗರವಾಯಿತು. ಆದರೆ ಪತ್ರ ಓದಿದ ಪೋಷಕರಲ್ಲಿ ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ. ಇಬ್ಬರು ತಾಯಂದಿರು ಬಂದು ಕೈ ಹಿಡಿದುಕೊಂಡು ವಿಚಾರಿಸಿದರು. ನೀವೂ ಕೆಲಸದ ಜಾಗದಲ್ಲಿ ಒಬ್ಬರಿಗಾದರೂ ವಿಷಯ ಹೇಳಿಡಿ. ಮುಚ್ಚಿಟ್ಟರೆ, ಪಕ್ಕದ ಕುರ್ಚಿಯವರು ಕೆಮ್ಮುತ್ತಿದ್ದಾಗ ಎದ್ದುಹೋಗಲು ಕಾರಣ ಹುಡುಕುತ್ತ ಕೂರಬೇಕಾಗುತ್ತದೆ.

ಮನೆಗೆ ಬಂದ ಕೂಡಲೇ ಕೈ ತೊಳೆಯುವುದು ನಮ್ಮ ಮೊದಲ ನಿಯಮ. ಸೋಪು ಹಚ್ಚಿ 20 ಸೆಕೆಂಡು, ಬೆರಳ ಸಂದು, ಉಗುರಿನ ಅಡಿ, ಹೆಬ್ಬೆರಳು, ಅಂಗೈಯ ಹಿಂಭಾಗ ಎಲ್ಲವನ್ನೂ ಉಜ್ಜಬೇಕು. ಹೆಬ್ಬೆರಳನ್ನು ಎಲ್ಲರೂ ಮರೆಯುತ್ತಾರೆ, ಗಮನಿಸಿ ನೋಡಿ. ಮಗಳಿಗೆ 20ರ ಮಗ್ಗಿಯನ್ನು ನಿಧಾನವಾಗಿ ಎರಡು ಸಲ ಹೇಳುತ್ತ ತೊಳೆಯಲು ಕಲಿಸಿದೆ. ಕೈಯೂ ಶುದ್ಧವಾಯಿತು, ಮಗ್ಗಿಯೂ ಬಂತು. ಸೋಪು ನೀರು ಇಲ್ಲದ ಕಡೆ ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಆದೀತು. ಆದರೆ ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿದ್ದರೆ ಸ್ಯಾನಿಟೈಸರ್ ಸಾಲದು. ತೊಳೆದ ಕೈ ಒರೆಸಲು ಕಾಯಿಲೆಯವರಿಗೆ ಬೇರೆಯೇ ಟವೆಲ್ ಇರಲಿ.

ಫ್ಲೂ ವೈರಸ್ ಸ್ಟೀಲ್, ಪ್ಲಾಸ್ಟಿಕ್‌ನಂತಹ ನುಣುಪು ಮೇಲ್ಮೈಗಳ ಮೇಲೆ 24ರಿಂದ 48 ಗಂಟೆ ಉಳಿಯಬಲ್ಲದು. ಬಟ್ಟೆ, ಕಾಗದದ ಮೇಲೆ ಅದಕ್ಕಿಂತ ಬೇಗ ಸಾಯುತ್ತದೆ. ಬಾಗಿಲ ಹಿಡಿಕೆ, ಸ್ವಿಚ್ಚು, ಟಿವಿಯ ರಿಮೋಟ್, ನಲ್ಲಿಯ ತಿರುಗಣೆ, ಇವನ್ನು ದಿನಕ್ಕೊಮ್ಮೆ ಒರೆಸುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಎಲ್ಲಕ್ಕಿಂತ ಹೆಚ್ಚು ಕೈಯಲ್ಲಿರುವುದು ಮೊಬೈಲ್, ಅದನ್ನು ಕೈಗಿಂತ ಮೊದಲು ಒರೆಸಬೇಕು. ಹಾಗೆಂದು ಮನೆಯ ನೆಲವನ್ನೆಲ್ಲ ಔಷಧ ಹಾಕಿ ದಿನಕ್ಕೆ ನಾಲ್ಕು ಸಲ ತಿಕ್ಕುವ ಅಗತ್ಯವಿಲ್ಲ. ಮೊದಲ ವಾರ ನಾನು ಹಾಗೆ ಮಾಡಿದೆ. ಆ ಘಾಟಿಗೆ ಅವರಿಗೆ ವಾಕರಿಕೆ ಹೆಚ್ಚಾಯಿತು, ನನಗೆ ಬೆನ್ನು ಹಿಡಿದುಕೊಂಡಿತು. ಈ ವೈರಸ್ ಬಹುಪಾಲು ಹರಡುವುದು ಕೆಮ್ಮು, ಸೀನು, ಮಾತಿನ ಜೊತೆ ಗಾಳಿಗೆ ಬರುವ ಹನಿಗಳಿಂದ. ಶ್ರಮವನ್ನು ಗಾಳಿಯ ಕಡೆಗೆ ತಿರುಗಿಸಿ. ಅವರ ಕೋಣೆಯ ಎದುರುಬದುರಿನ ಕಿಟಕಿ ಬಾಗಿಲು ತೆರೆದು ಗಾಳಿಯಾಡಲು ಬಿಟ್ಟರೆ ನೆಲ ತಿಕ್ಕುವುದಕ್ಕಿಂತ ಹೆಚ್ಚಿನ ಫಲವಿದೆ.

ನೋಡಲು ಬರುವವರು

ಇದು ಮನಸ್ಸಿಗೆ ಕಷ್ಟವಾದ ಭಾಗ. ಪ್ರೀತಿಯಿಂದ ಬರುವವರನ್ನು ಬಾಗಿಲಲ್ಲಿ ನಿಲ್ಲಿಸುವುದು ಹೇಗೆ? ಮೊದಮೊದಲು ನನಗೆ ಬಾಯಿಯೇ ಬರುತ್ತಿರಲಿಲ್ಲ. ಫ್ಲೂ ಬಂದವರು ತಮಗೆ ಲಕ್ಷಣ ಕಾಣಿಸುವುದಕ್ಕೆ ಒಂದು ದಿನ ಮೊದಲೇ ಅದನ್ನು ಹರಡಲು ಶುರು ಮಾಡಿರುತ್ತಾರೆ. ‘ನನಗೇನೂ ಆಗಿಲ್ಲ’ ಎನ್ನುವವರ ಮಾತು ಪ್ರಾಮಾಣಿಕವೇ ಆಗಿದ್ದರೂ ಭರವಸೆಯ ಮಾತಲ್ಲ. ಈ ಒಂದು ಸಂಗತಿ ತಿಳಿದ ಮೇಲೆ ನನಗೆ ಹೇಳುವ ಧೈರ್ಯ ಬಂತು.

ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು. ಕೆಂಪು ದಿನಗಳಲ್ಲಿ ಯಾರೂ ಒಳಗಿಲ್ಲ, ಫೋನಿನಲ್ಲಿ ಮಾತ್ರ ಮಾತು. ಉಳಿದ ದಿನಗಳಲ್ಲಿ ಬರುವ ಮೊದಲು ಕರೆ ಮಾಡಬೇಕು. ತಮಗಷ್ಟೇ ಅಲ್ಲ, ತಮ್ಮ ಮನೆಯಲ್ಲಿ ಯಾರಿಗೂ ನಾಲ್ಕು ದಿನಗಳಿಂದ ಜ್ವರ, ಕೆಮ್ಮು, ಗಂಟಲು ನೋವು ಇರಬಾರದು. ಫ್ಲೂ ತಗುಲಿದ ಮೇಲೆ ಲಕ್ಷಣ ಕಾಣಿಸಲು ಒಂದರಿಂದ ನಾಲ್ಕು ದಿನ ಬೇಕು ಎಂಬುದರಿಂದ ಈ ನಾಲ್ಕರ ಲೆಕ್ಕ. ಬಂದವರು ಕೈ ತೊಳೆದು, ಮಾಸ್ಕ್ ಹಾಕಿ, ಬಾಗಿಲ ಹೊರಗಿನ ತೆರೆದ ಜಾಗದಲ್ಲಿ ಎರಡು ಮೀಟರ್ ಅಂತರದಲ್ಲಿ ಕೂರಬೇಕು. ಇಪ್ಪತ್ತು ನಿಮಿಷ ಸಾಕು. ಪತಿಯೂ ಮಾಸ್ಕ್ ಹಾಕಿಕೊಂಡು ಅಲ್ಲಿಗೇ ಬಂದು ಕೂರುತ್ತಿದ್ದರು. ಇವೆಲ್ಲವನ್ನೂ ‘ವೈದ್ಯರ ಆದೇಶ’ ಎಂದು ತಲೆಬರಹ ಹಾಕಿ ಬಂಧುಗಳಿಗೆಲ್ಲ ಒಮ್ಮೆಗೇ ಸಂದೇಶ ಕಳಿಸಿದೆ. ನನ್ನ ಹೆಸರಿನಲ್ಲಿ ಹೇಳಿದ್ದರೆ ಮನಸ್ತಾಪವಾಗುತ್ತಿತ್ತು. ನಿಮ್ಮ ವೈದ್ಯರಿಗೂ ಹೇಳಿ ನೋಡಿ, ತಮ್ಮ ಹೆಸರು ಬಳಸಲು ಅವರು ಸಂತೋಷದಿಂದ ಒಪ್ಪುತ್ತಾರೆ.

ಒಂಟಿತನವೂ ಕಾಯಿಲೆಯೇ ಎಂಬುದನ್ನು ಮರೆಯಬೇಡಿ. ಆರು ತಿಂಗಳು ಕೋಣೆಯಲ್ಲಿ ಕೂಡಿಹಾಕಿದರೆ ಮನುಷ್ಯ ಕುಗ್ಗಿಹೋಗುತ್ತಾನೆ. ಕೌಂಟ್ ಚೆನ್ನಾಗಿದ್ದ ದಿನಗಳಲ್ಲಿ ಬೆಳಗಿನ ಜನವಿಲ್ಲದ ಹೊತ್ತು ನೋಡಿ ಅವರು ನಡೆಯಲು ಹೋಗುತ್ತಿದ್ದರು. ತೆರೆದ ಗಾಳಿಯಲ್ಲಿ, ಜನರಿಂದ ದೂರದಲ್ಲಿ ನಡೆಯುವುದರಲ್ಲಿ ಫ್ಲೂ ಭಯ ಬಹಳ ಕಡಿಮೆ. ಹಿಂತಿರುಗುವಾಗ ಅವರ ಮುಖದ ಕಳೆಯೇ ಬೇರೆ ಇರುತ್ತಿತ್ತು.

ಆಸ್ಪತ್ರೆಗೆ ಹೋಗದೆ ನಿರ್ವಾಹವಿಲ್ಲ. ಜನ ಕೆಮ್ಮುತ್ತ ಕೂತಿರುವ ಜಾಗವೂ ಅದೇ. ದಿನದ ಮೊದಲ ಸರದಿ ಕೇಳಿ ಪಡೆಯಿರಿ. ಕಾಯುವ ಕೋಣೆಯಲ್ಲಿ ಕೂರುವ ಬದಲು ಹೊರಗೆ ಕಾಯುತ್ತೇವೆ, ಸರದಿ ಬಂದಾಗ ಫೋನ್ ಮಾಡಿ ಎಂದು ಸ್ವಾಗತ ಮೇಜಿನಲ್ಲಿ ವಿನಂತಿಸಿ. ಎನ್95 ಮಾಸ್ಕ್ ಮುಖಕ್ಕೆ ಸಂದಿಲ್ಲದಂತೆ ಕೂತಿರಬೇಕು. ಮೂಗಿನ ಮೇಲಿನ ಪಟ್ಟಿಯನ್ನು ಎರಡೂ ಕೈಯ ಬೆರಳುಗಳಿಂದ ಒತ್ತಿ ಕೂರಿಸಿ, ಉಸಿರು ಬಿಟ್ಟಾಗ ಕಣ್ಣಿನ ಕಡೆಗೆ ಗಾಳಿ ಬರುತ್ತಿದೆಯೇ ನೋಡಿ. 

ಮನೆಯಲ್ಲೇ ಒಬ್ಬರಿಗೆ ಬಂದಾಗ

ನಮ್ಮಲ್ಲಿ ಆದದ್ದು ಇದು. ಭಾನುವಾರ ಮಧ್ಯಾಹ್ನ ಮಗಳು ಅಪ್ಪನ ತೋಳಿಗೆ ಒರಗಿಕೊಂಡು ಕಥೆ ಓದಿಸಿಕೊಂಡಳು. ಸೋಮವಾರ ಸಂಜೆ ಅವಳಿಗೆ ಜ್ವರ. ಮಂಗಳವಾರ ಅವಳನ್ನು ಬೇರೆ ಕೋಣೆಗೆ ಕಳಿಸಿದೆ. ಬುಧವಾರ ರಾತ್ರಿ ಹತ್ತೂವರೆಗೆ ಪತಿಯ ಮೈ ಬಿಸಿಯಾಗಿತ್ತು.

ಸೋಮವಾರ ಸಂಜೆಯೇ ನಾನು ಆಸ್ಪತ್ರೆಗೆ ಫೋನ್ ಮಾಡಬೇಕಾಗಿತ್ತು. ಮನೆಯಲ್ಲಿ ಯಾರಿಗಾದರೂ ಫ್ಲೂ ಎಂದು ಅನುಮಾನ ಬಂದರೆ ಕಾಯಿಲೆಯವರಿಗೆ ಲಕ್ಷಣ ಇಲ್ಲದಿದ್ದರೂ ತಿಳಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಸಂಪರ್ಕ ಆದ 48 ಗಂಟೆಯೊಳಗೆ ತಿಳಿದರೆ, ಒಸೆಲ್ಟಾಮಿವಿರ್ ಎಂಬ ವೈರಸ್ ನಿರೋಧಕ ಔಷಧವನ್ನು ಮುನ್ನೆಚ್ಚರಿಕೆಯಾಗಿ ದಿನಕ್ಕೊಂದರಂತೆ ಕೊಡುವ ದಾರಿ ವೈದ್ಯರ ಕೈಯಲ್ಲಿರುತ್ತದೆ. ಕೊಡಬೇಕೋ ಬೇಡವೋ ಎಂಬುದು ಅವರ ತೀರ್ಮಾನ. ಆದರೆ ತೀರ್ಮಾನಿಸಲು ಅವರಿಗೆ ವಿಷಯ ತಲುಪಬೇಕಲ್ಲ.

ಜ್ವರ ಬಂದವರನ್ನು ಒಂದು ಕೋಣೆಯಲ್ಲಿ ಇರಿಸಿ, ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಹೊರಗೆ ಬರುವಾಗ ಅವರೂ ಮಾಸ್ಕ್ ಹಾಕಲಿ, ಮನೆಯ ಉಳಿದವರೂ ಹಾಕಲಿ. ಒಂದೇ ಬಚ್ಚಲು ಇದ್ದರೆ ಕಾಯಿಲೆಯವರು ಮೊದಲು ಬಳಸಲಿ, ಜ್ವರದವರು ಕೊನೆಗೆ, ಆಮೇಲೆ ನಲ್ಲಿ ಮತ್ತು ಹಿಡಿಕೆಗಳನ್ನು ಒರೆಸಿ. ಜ್ವರದವರನ್ನು ನೋಡಿಕೊಳ್ಳುವವರು ಬೇರೆ, ಕೀಮೋದವರನ್ನು ನೋಡಿಕೊಳ್ಳುವವರು ಬೇರೆ ಇರಬೇಕು. ನಾನು ಇಬ್ಬರ ನಡುವೆಯೂ ಓಡಾಡಿದೆ, ಅದು ತಪ್ಪು. ನಾಲ್ಕನೆಯ ಸುತ್ತಿನ ಮೊದಲೇ ಮೈದುನನನ್ನು ಕೂರಿಸಿಕೊಂಡು, ನನಗೇ ಜ್ವರ ಬಂದರೆ ಅಣ್ಣನನ್ನು ತನ್ನ ಮನೆಗೆ ಕರೆದೊಯ್ಯುವುದು ಎಂದು ಮಾತಾಡಿಟ್ಟೆವು. ಅವನೂ ಅವನ ಹೆಂಡತಿಯೂ ಅದೇ ವಾರ ಲಸಿಕೆ ಹಾಕಿಸಿಕೊಂಡರು. ಹಾಗೆ ಕರೆದೊಯ್ಯುವ ಸಂದರ್ಭ ಬರಲಿಲ್ಲ. ಆದರೂ ಆ ವ್ಯವಸ್ಥೆ ಇದೆ ಎಂಬ ನೆಮ್ಮದಿಯಲ್ಲಿ ನಾನು ರಾತ್ರಿ ನಿದ್ದೆ ಮಾಡಿದೆ.

ಆ ರಾತ್ರಿಯ ತಪ್ಪು

ಬುಧವಾರ ರಾತ್ರಿ ಥರ್ಮಾಮೀಟರ್ 38.1 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಹೊತ್ತಾಗಿದೆ, ಬೆಳಿಗ್ಗೆ ನೋಡೋಣ ಎಂದು ಪ್ಯಾರಾಸಿಟಮಾಲ್ ಕೊಟ್ಟೆ. ಜ್ವರ ಇಳಿಯಿತು. ನನಗೆ ಸಮಾಧಾನವಾಯಿತು. ಬೆಳಗಿನ ಜಾವ ನಾಲ್ಕಕ್ಕೆ ಅವರು ನಡುಗುತ್ತಿದ್ದರು, ಅಳತೆ 39.2 ಇತ್ತು. ತುರ್ತು ವಿಭಾಗ ತಲುಪಿದಾಗ ನ್ಯೂಟ್ರೊಫಿಲ್ ಕೌಂಟ್ 300. ಕರ್ತವ್ಯದಲ್ಲಿದ್ದ ವೈದ್ಯೆ ನನ್ನನ್ನು ಬೈಯಲಿಲ್ಲ. ‘ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚಿಡುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ’ ಎಂದಷ್ಟೇ ಹೇಳಿದರು. ಆರು ಗಂಟೆ ಕಳೆದುಹೋಗಿತ್ತು.

ಆದ್ದರಿಂದ ಕೈ ಮುಗಿದು ಕೇಳುತ್ತೇನೆ. ಕೀಮೋ ಪಡೆಯುತ್ತಿರುವವರಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿತೆಂದರೆ, ಅದು ನಡುರಾತ್ರಿಯಾದರೂ ರಜಾ ದಿನವಾದರೂ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ನಿಮ್ಮ ವೈದ್ಯರು ಬೇರೆ ಅಂಕಿ ಹೇಳಿದ್ದರೆ ಅದನ್ನು ಪಾಲಿಸಿ. ಅವರು ಹೇಳುವ ಮೊದಲು ಜ್ವರದ ಮಾತ್ರೆ ಕೊಡಬೇಡಿ. ಬಿಸಿಯಾದದ್ದನ್ನೋ ತಣ್ಣಗಿನದನ್ನೋ ಕುಡಿದ ಕೂಡಲೇ ಬಾಯಲ್ಲಿ ಅಳೆಯಬೇಡಿ, ಅರ್ಧ ಗಂಟೆ ಬಿಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಲೇಬಾರದು. ಸಣ್ಣ ಗಾಯವಾದರೂ ಅಲ್ಲಿಂದ ಸೋಂಕು ರಕ್ತ ಸೇರುತ್ತದೆ. ಸ್ಟಿರಾಯ್ಡ್ ಮಾತ್ರೆ ನಡೆಯುತ್ತಿರುವ ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳದೆಯೂ ಇರಬಹುದು. ಹಾಗಾಗಿ ಚಳಿ, ನಡುಕ, ಹೊಸದಾಗಿ ಬಂದ ಒಣ ಕೆಮ್ಮು, ಇದ್ದಕ್ಕಿದ್ದಂತೆ ಮೈಯೆಲ್ಲ ಹಿಂಡುವ ನೋವು, ಇವನ್ನೂ ಜ್ವರದಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಏದುಸಿರು, ಎದೆನೋವು, ಮಾತಿನಲ್ಲಿ ಗಲಿಬಿಲಿ, ಎಬ್ಬಿಸಿದರೂ ಏಳದಂತಹ ಮಂಪರು ಕಂಡರೆ ಫೋನಿಗಾಗಿ ಕಾಯದೆ ಹೊರಟುಬಿಡಿ.

ಫೋನಿನಲ್ಲಿ ಏನು ಹೇಳಬೇಕು ಎಂಬುದನ್ನು ಮೊದಲೇ ಬರೆದಿಡಿ, ಗಾಬರಿಯಲ್ಲಿ ನಾಲಿಗೆ ಹೊರಳುವುದಿಲ್ಲ. ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದ್ದ ಕಾಗದದಲ್ಲಿ ಇಷ್ಟಿತ್ತು: ಅವರ ಹೆಸರು, ಆಸ್ಪತ್ರೆಯ ನೋಂದಣಿ ಸಂಖ್ಯೆ, ಕ್ಯಾನ್ಸರಿನ ಬಗೆ, ಔಷಧಗಳ ಹೆಸರು, ಕೊನೆಯ ಕೀಮೋ ದಿನಾಂಕ, ಹಿಂದಿನ ಕೌಂಟ್, ಅಲರ್ಜಿ, ರಾತ್ರಿಯಲ್ಲಿ ಕರೆಯಬೇಕಾದ ಸಂಖ್ಯೆ. ಪ್ರತಿ ಸುತ್ತಿನ ನಂತರ ದಿನಾಂಕ ಮತ್ತು ಕೌಂಟ್ ತಿದ್ದುತ್ತಿದ್ದೆ. ತುರ್ತು ವಿಭಾಗಕ್ಕೆ ಕಾಲಿಡುತ್ತಲೇ ‘ಇವರಿಗೆ ಕೀಮೋ ನಡೆಯುತ್ತಿದೆ, ಜ್ವರ ಇದೆ’ ಎಂದು ಮೊದಲ ವಾಕ್ಯದಲ್ಲಿಯೇ ಹೇಳಿ, ಸಾಲಿನಲ್ಲಿ ಕಾಯಿಸುವುದಿಲ್ಲ.

ಅಲ್ಲಿ ಅವರಿಗೆ ಮೊದಲು ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಶುರು ಮಾಡಿದರು. ವೈರಸ್ ಮೇಲೆ ಅದು ಕೆಲಸ ಮಾಡುವುದಿಲ್ಲ. ಆದರೆ ಕೌಂಟ್ ಇಳಿದವರ ಜ್ವರಕ್ಕೆ ಬ್ಯಾಕ್ಟೀರಿಯಾ ಕಾರಣವೇ ಎಂದು ತಿಳಿಯುವವರೆಗೆ ಕಾಯಲಾಗದು. ಮೂಗಿನಿಂದ ತೆಗೆದ ಮಾದರಿಯ ಶೀಘ್ರ ಪರೀಕ್ಷೆಯಲ್ಲಿ ಫ್ಲೂ ಇಲ್ಲ ಎಂದು ಬಂತು. ಅದಕ್ಕಿಂತ ನಿಖರವಾದ ಪಿಸಿಆರ್ ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ ಎಂಬ ಬಗೆಯ ಫ್ಲೂ ಇದೆ ಎಂದು ಗೊತ್ತಾಯಿತು. ಶೀಘ್ರ ಪರೀಕ್ಷೆ ಇಲ್ಲ ಎಂದ ಮಾತ್ರಕ್ಕೆ ನಿರಾಳರಾಗಬಾರದು ಎಂಬುದು ನನಗೆ ಅಲ್ಲಿ ತಿಳಿಯಿತು. ಒಸೆಲ್ಟಾಮಿವಿರ್ ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭವಾದರೆ ಫಲ ಹೆಚ್ಚು. ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ದಾಟಿದ ಮೇಲೂ ಕೊಡುತ್ತಾರೆ. ಇಂಥವರ ದೇಹದಿಂದ ವೈರಸ್ ಹೊರಬೀಳುವುದೂ ಸಾಮಾನ್ಯರಿಗಿಂತ ಹೆಚ್ಚು ದಿನ ನಡೆಯುತ್ತದೆ. ಮನೆಗೆ ಬಂದ ಮೇಲೂ ಅತ್ತೆಯ ಸಲುವಾಗಿ ಅವರು ಎರಡು ವಾರ ಮಾಸ್ಕ್ ಹಾಕಿದರು.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಹೇಳಿ ಬಂಧುಗಳು ತಂದುಕೊಟ್ಟ ಪುಡಿ, ಕಷಾಯ, ಮಾತ್ರೆಗಳು ಒಂದು ಪೆಟ್ಟಿಗೆಯಷ್ಟಾಗಿದ್ದವು. ಯಾವುದನ್ನೂ ಕೊಡಲಿಲ್ಲ. ಗಿಡಮೂಲಿಕೆಗಳಲ್ಲಿ ಕೆಲವು ಕೀಮೋ ಔಷಧದ ಪರಿಣಾಮವನ್ನೇ ಏರುಪೇರು ಮಾಡಬಲ್ಲವು. ವೈದ್ಯರಿಗೆ ತೋರಿಸದೆ ಏನನ್ನೂ ಬಾಯಿಗೆ ಹಾಕಬಾರದು.

ಕೊನೆಯ ಸುತ್ತಿನ ನಂತರ

ಆರನೆಯ ಸುತ್ತು ಮುಗಿದ ದಿನ ಮಾಸ್ಕ್ ಬಿಸಾಡಬೇಕು ಎಂದು ಅನ್ನಿಸಿತ್ತು. ಆದರೆ ಕೌಂಟ್ ಕೆಲವು ವಾರಗಳಲ್ಲಿ ಮೇಲೆ ಬಂದರೂ ಪೂರ್ಣ ರೋಗನಿರೋಧಕ ಶಕ್ತಿ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಮಜ್ಜೆಯ ಕಸಿ ಮಾಡಿಸಿಕೊಂಡವರಿಗೆ ಇನ್ನೂ ಹೆಚ್ಚು. ಆರು ತಿಂಗಳು ನಮ್ಮ ನಿಯಮಗಳನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತ ಹೋದೆವು. ಮೊದಲು ಬಂಧುಗಳು ಹೊರಗಿನಿಂದ ಒಳಕೋಣೆಗೆ ಬಂದರು, ಆಮೇಲೆ ಪತಿಯೇ ಮಗಳ ಶಾಲೆಯ ಗೇಟಿನವರೆಗೆ ಹೋಗಲು ಶುರು ಮಾಡಿದರು. ಜನ ಸೇರುವ ಕಡೆ ಮಾತ್ರ ಮಾಸ್ಕ್ ಮುಂದುವರಿಯಿತು.

ಕೊನೆಯ ರಿಟುಕ್ಸಿಮ್ಯಾಬ್ ಆಗಿ ಏಳು ತಿಂಗಳಿಗೆ ವೈದ್ಯರು ‘ಈಗ ನಿಮಗೂ ಲಸಿಕೆ ಹಾಕಬಹುದು’ ಎಂದರು. ಅದೇ ವಾರದ ಶನಿವಾರ ನಾಲ್ವರೂ ಒಟ್ಟಿಗೆ ಹೋಗಿ ಹಾಕಿಸಿಕೊಂಡೆವು. ಮುಂದಿನ ವರ್ಷದ ದಿನಾಂಕವನ್ನು ಮಗಳು ಅಲ್ಲಿಂದ ಬಂದ ಕೂಡಲೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದೇ ಕೆಂಪು ಪೆನ್ಸಿಲ್‌ನಿಂದ ಬರೆದಿಟ್ಟಳು.